ಹೊಸ ಮಾಡೆಲ್ ಬಂದ್ರೆ ಹಳೇ ದವಡೆ ಎಲ್ಲಿಗೆ ಹೋಗ್ಬೇಕು?

ಭಾಗ 1/8: ದಪ್ಪ ಪಿನ್ನು, ಸಣ್ಣ ಪಿನ್ನು

ಬಟನ್ ಫೋನ್ ಕಾಲದಲ್ಲಿ ಮದುವೆ ಮನೆಗೆ ಹೋದ್ರೆ ಕೇಳ್ತಿದ್ದ ಒಂದು ಪ್ರಶ್ನೆ ನಿಮ್ಮ ಅಪ್ಪ-ಅಮ್ಮನಿಗೆ ಇನ್ನೂ ನೆನಪಿರುತ್ತೆ: "ಸಣ್ಣ ಪಿನ್ ಚಾರ್ಜರ್ ಇದೆಯಾ?" ದಪ್ಪ ಪಿನ್‌ನವರು ಒಂದು ಕಡೆ, ಸಣ್ಣ ಪಿನ್‌ನವರು ಇನ್ನೊಂದು ಕಡೆ. ಹೊಸ ಫೋನ್ ಬಂದ್ರೆ ಚೆನ್ನಾಗಿದ್ದ ಹಳೇ ಚಾರ್ಜರ್ ಡ್ರಾಯರ್ ಸೇರ್ತಿತ್ತು.

ಈ ತಲೆನೋವು ಫೋನಿಂದ ಶುರುವಾಗಿದ್ದಲ್ಲ. ಮರ ಕಡೆಯೋ ಲೇತ್ ಇಟ್ಕೊಂಡವರು ಇದನ್ನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನೋಡ್ತಿದ್ದಾರೆ. ಈ ಸಲದ ಸೀರೀಸ್ ಆ ಕಥೆ. "ನಮಗ್ಯಾಕೆ ಲೇತ್ ಕಥೆ" ಅಂತ ಸ್ಕ್ರೋಲ್ ಮಾಡ್ಬೇಡಿ. ಏಳನೇ ಭಾಗದಲ್ಲಿ ದುಡ್ಡಿನ ಲೆಕ್ಕ ಇದೆ, ಅದು ಎಲ್ಲರಿಗೂ ಬೇಕಾಗಿದ್ದು.

ಮೊದಲು ಸಾಮಾನು ಪರಿಚಯ. ಲೇತ್ ಅಂದ್ರೆ ಮರದ ತುಂಡನ್ನ ಗಿರಗಿರ ತಿರುಗಿಸೋ ಯಂತ್ರ. ತಿರುಗೋ ಮರಕ್ಕೆ ಉಳಿ ಹಿಡಿದ್ರೆ ಬುಗುರಿ, ಲಟ್ಟಣಿಗೆ, ಮಂಚದ ಕಾಲು, ಬಟ್ಟಲು ಎಲ್ಲಾ ತಯಾರು. ಇದಕ್ಕೆ ಕನ್ನಡದಲ್ಲಿ ಕಡಸಲು ಅನ್ನೋ ಒಳ್ಳೇ ಪದ ಇದೆ.

ಆದ್ರೆ ಮರವನ್ನ ಹಿಡ್ಕೊಳ್ಳೋದು ಯಾರು? ಆ ಕೈಗೆ ಚಕ್ ಅಂತ ಹೆಸರು. ಎರಡನೇ ಫೋಟೋ ನೋಡಿ: ಮುಷ್ಟಿ ಗಾತ್ರದ ಕಬ್ಬಿಣದ ಗುಂಡು, ಮುಂದೆ ನಾಲ್ಕು ಹಲ್ಲು. ಆ ಹಲ್ಲಿಗೆ ಇಂಗ್ಲಿಷಲ್ಲಿ ಜಾ ಅಂತಾರೆ, ನಾನಿಲ್ಲಿ ದವಡೆ ಅಂತೀನಿ.

ಚಕ್ಕಿಗೆ ಎರಡು ಕೀಲು ಇದೆ. ಹಿಂದಿನ ಕೀಲು ಲೇತಿಗೆ, ಅಂದ್ರೆ ಸ್ಕ್ರೂ ಥರ ತಿರುಗಿಸಿ ಕೂರಿಸೋ ಥ್ರೆಡ್. ಮುಂದಿನ ಕೀಲು ದವಡೆಗೆ, ಅಂದ್ರೆ ದವಡೆ ಕೂರಿಸೋ ಸಣ್ಣ ಸ್ಕ್ರೂಗಳ ತೂತು. ಈ ಎರಡು ಕೀಲು ನೆನಪಿಟ್ಕೊಳ್ಳಿ. ಪೂರ್ತಿ ಕಥೆ ಇವೆರಡರದ್ದೇ.

ಭಾಗ 2/8: 9.45

ಲಂಡನ್, 1795. ಸ್ಟ್ರಾಸ್‌ಬರ್ಗ್‌ನಿಂದ ಬಂದು ನೆಲೆಸಿದ್ದ ಜಾನ್ ಜೇಕಬ್ ಹೋಲ್ಟ್‌ಸ್ಯಾಫೆಲ್ ತನ್ನ ಮೊದಲನೇ ನಂಬರಿನ ಲೇತ್ ಮಾರಿದ. ಮುಂದೆ ಅವನ ಮನೆತನ ಮೂರು ತಲೆಮಾರು ಇದೇ ವ್ಯಾಪಾರ ಮಾಡ್ತು. ಒಟ್ಟು ಸುಮಾರು 2,500 ಲೇತ್, ಪ್ರತಿಯೊಂದಕ್ಕೂ ನಂಬರ್.

ಗಿರಾಕಿಗಳು ಬಡಗಿಗಳಲ್ಲ, ಹೆಚ್ಚಿನವರು ಶ್ರೀಮಂತರು. ದಂತ, ಗಟ್ಟಿ ಮರದಲ್ಲಿ ಕುಸುರಿ ಡಬ್ಬಿ ಕಡೆಯೋದು ಆಗಿನ ದೊಡ್ಡಮನೆಯವರ ಹವ್ಯಾಸ. ಲೇತ್ ಜೊತೆ ಥರಾವರಿ ಚಕ್ ಬರ್ತಿತ್ತು: ಬಟ್ಟಲು ಥರದ್ದು, ನಡುವೆ ಸ್ಕ್ರೂ ಇರೋದು, ಮರವನ್ನ ಪಕ್ಕಕ್ಕೆ ಸರಿಸಿ ಕಡೆಯೋದಕ್ಕೆ ಅಂತಲೇ ಮಾಡಿದ್ದು. ಒಂದೊಂದೂ ಆಭರಣದಷ್ಟು ನಯ, ಬೆಲೆನೂ ಹಾಗೇ.

ಈಗ ಮಜಾ ನೋಡಿ. ಈ ಲೇತಿನ ಮೂತಿಯ ಥ್ರೆಡ್ ಒಂದು ಇಂಚಿಗೆ 9.45 ಸುತ್ತು. ಒಂಬತ್ತೂ ಅಲ್ಲ, ಹತ್ತೂ ಅಲ್ಲ, ಒಂಬತ್ತೂವರೆನೂ ಅಲ್ಲ!

ಇದು ತಲೆಹರಟೆ ಅಲ್ಲ. ಆ ಕಾಲದಲ್ಲಿ ಥ್ರೆಡ್ಡಿಗೆ ದೇಶಕ್ಕೊಂದು ಅಳತೆ ಅಂತ ಇರಲಿಲ್ಲ. ಪ್ರತಿ ಕಾರ್ಖಾನೆಗೂ ತನ್ನದೇ ಮೂಲ ಸ್ಕ್ರೂ, ಅದರಿಂದ ಹುಟ್ಟಿದ್ದೇ ಅಳತೆ. ಒಂದು ಅಂಗಡಿಯ ಬೋಲ್ಟಿಗೆ ಇನ್ನೊಂದು ಅಂಗಡಿಯ ನಟ್ಟು ಕೂತ್ರೆ ಅದೃಷ್ಟ.

ಆಮೇಲೆ ದೇಶಕ್ಕೆ ಒಂದು ಅಳತೆ ಬಂತು. ಹೋಲ್ಟ್‌ಸ್ಯಾಫೆಲ್ ಬದಲಾಯಿಸಬಹುದಿತ್ತಲ್ಲ? ಬದಲಾಯಿಸಿದ್ರೆ ಹಳೇ ಗಿರಾಕಿಯ ಪೆಟ್ಟಿಗೆಯಲ್ಲಿರೋ ಅಷ್ಟೂ ಚಕ್ಕು ಹೊಸ ಲೇತಿಗೆ ಕೂರಲ್ಲ. ಅಷ್ಟು ದುಡ್ಡು ಸುರಿದವನಿಗೆ ಹಾಗೆ ಹೇಳೋಕಾಗುತ್ತಾ?

ಇದೇ ನಮ್ಮ ಕಥೆಯ ಗಂಟು. ಹಳೇ ಗಿರಾಕಿಗೆ ನಿಯತ್ತಾಗಿರೋದಾ, ಊರಿಗೆಲ್ಲಾ ಹೊಂದೋ ಅಳತೆಗೆ ಹೋಗೋದಾ? ಎರಡೂ ನ್ಯಾಯ, ಎರಡನ್ನೂ ಒಟ್ಟಿಗೆ ಮಾಡೋದು ಕಷ್ಟ. ಇವತ್ತಿಗೂ ಹೋಲ್ಟ್‌ಸ್ಯಾಫೆಲ್ ಲೇತ್ ಇರೋರು ಹೊಸ ಚಕ್ ಹಾಕ್ಬೇಕು ಅಂದ್ರೆ 9.45ರ ಅಡಾಪ್ಟರ್ ಬೇರೆ ಮಾಡಿಸ್ಬೇಕು.

ಭಾಗ 3/8: ಸ್ಕ್ರೂ ಕೂಡಿಹಾಕಿದ ಮನುಷ್ಯ

ಜೋಸೆಫ್ ವಿಟ್‌ವರ್ತ್, ಮ್ಯಾಂಚೆಸ್ಟರ್‌ನ ಯಂತ್ರ ತಯಾರಕ. ಇಂಗ್ಲೆಂಡಿನ ಬೇರೆಬೇರೆ ವರ್ಕ್‌ಶಾಪಿಂದ ಬೋಲ್ಟುಗಳನ್ನ ತರಿಸಿ, ಅಳೆದು, ಸರಾಸರಿ ತೆಗೆದ. 1841ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಪ್ರಬಂಧ ಓದಿದ. ಇಂತಿಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಂತಿಷ್ಟು ಥ್ರೆಡ್, ಥ್ರೆಡ್ಡಿನ ಕೋನ ಎಲ್ಲದಕ್ಕೂ 55 ಡಿಗ್ರಿ, ದೇಶಕ್ಕೆಲ್ಲಾ ಇದೇ ಇರಲಿ ಅಂದ. ರೈಲ್ವೆಯವರು ಒಪ್ಪಿದ ಮೇಲೆ ಮಿಕ್ಕವರೂ ಬಂದ್ರು.

ಅವನ ಬುದ್ಧಿವಂತಿಕೆ ಎಲ್ಲಿದೆ ನೋಡಿ. ಹೊಸದಾಗಿ "ಅತ್ಯುತ್ತಮ" ಥ್ರೆಡ್ ಕಂಡುಹಿಡಿಯೋಕೆ ಹೋಗಲಿಲ್ಲ. ಆಗಲೇ ಬಳಕೆಯಲ್ಲಿ ಇದ್ದದ್ದರ ಮಧ್ಯದ ದಾರಿ ಹಿಡಿದ. ಹಾಗಾಗಿ ಯಾರಿಗೂ ಪೂರ್ತಿ ಸೋತ ಹಾಗೆ ಆಗಲಿಲ್ಲ.

1864ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸೆಲ್ಲರ್ಸ್ ಎದ್ದು ನಿಂತ. ವಿಟ್‌ವರ್ತ್ ಥ್ರೆಡ್ಡಿನ ತುದಿ ದುಂಡಗೆ, ಅದನ್ನ ಮಾಡೋಕೆ ಹೆಚ್ಚು ಕಟ್ಟರ್, ಹೆಚ್ಚು ಪಳಗಿದ ಕೈ ಬೇಕು. ನನ್ನದು 60 ಡಿಗ್ರಿ, ತುದಿ ಚಪ್ಪಟೆ, ಸಾಮಾನ್ಯ ಕೆಲಸಗಾರನೂ ಮಾಡ್ತಾನೆ ಅನ್ನೋದು ಅವನ ವಾದ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಕಾಸ್ಟ್ ಆಫ್ ಪ್ರೊಡಕ್ಷನ್ ವಾದ. 1868ರಲ್ಲಿ ಅಮೆರಿಕದ ನೌಕಾಪಡೆ ಸೆಲ್ಲರ್ಸ್ ಕಡೆ ವಾಲಿತು.

ಒಂದು ಇಂಚಿನ ಬೋಲ್ಟಿಗೆ ಇಬ್ಬರೂ ಕೊಟ್ಟ ಸಂಖ್ಯೆ ಒಂದೇ: ಇಂಚಿಗೆ 8. ಇವತ್ತು ಮನೆಯಲ್ಲಿ ಇಟ್ಕೊಳ್ಳೋ ಸಣ್ಣ ಮರದ ಲೇತ್‌ಗಳಲ್ಲಿ ತುಂಬಾ ಕಾಣೋ ಥ್ರೆಡ್ ಯಾವುದು ಗೊತ್ತಾ? 1 ಇಂಚು, ಇಂಚಿಗೆ 8. ಅಷ್ಟು ಹಳೇ ಪಟ್ಟಿಯ ಒಂದು ಸಾಲು ನಿಮ್ಮ ಅಮೆಜಾನ್ ಕಾರ್ಟ್‌ವರೆಗೂ ಬಂದಿದೆ.

ಆದ್ರೆ ಒಬ್ಬನದು 55 ಡಿಗ್ರಿ, ಇನ್ನೊಬ್ಬನದು 60. ಇದರ ನಟ್ಟು ಅದರ ಬೋಲ್ಟಿಗೆ ಹತ್ತಿದ ಹಾಗೆ ಕಾಣಬಹುದು, ಸರಿಯಾಗಿ ಕೂರಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಎಷ್ಟು ದೊಡ್ಡ ಬೆಲೆ ತೆರಬೇಕಾಯ್ತು ಅನ್ನೋದು ಐದನೇ ಭಾಗದಲ್ಲಿ.

ಭಾಗ 4/8: ಕಬ್ಬಿಣದ ಚಕ್ಕುಲಿ

ಥ್ರೆಡ್ ಕಥೆ ಹಿಂದಿನ ಕೀಲಿನದ್ದು. ಈಗ ಮುಂದಿನ ಕೀಲಿಗೆ ಬರೋಣ.

ಹಳೇ ಚಕ್ಕಿನಲ್ಲಿ ಪ್ರತಿ ದವಡೆಯನ್ನೂ ಬೇರೆಬೇರೆ ಸ್ಕ್ರೂನಿಂದ ಬಿಗಿ ಮಾಡ್ಬೇಕಿತ್ತು. ಒಂದು ಜಾಸ್ತಿ ಬಿಗಿಯಾದ್ರೆ ಮರ ಮಧ್ಯದಿಂದ ಜರುಗುತ್ತೆ, ತಿರುಗಿಸಿದ್ರೆ ಓಲಾಡುತ್ತೆ. ಎಲ್ಲಾ ದವಡೆ ಒಟ್ಟಿಗೆ, ಒಂದೇ ಅಳತೆಯಲ್ಲಿ ಹತ್ತಿರ ಬರೋ ಹಾಗೆ ಮಾಡ್ಬೇಕಿತ್ತು.

ಅಮೆರಿಕದ ಸೈಮನ್ ಫೇರ್‌ಮನ್ 1840ರಲ್ಲಿ ಚಕ್ಕಿಗೆ ಪೇಟೆಂಟ್ ಪಡೆದ. ಅವನ ಅಳಿಯ ಆಸ್ಟಿನ್ ಕುಷ್‌ಮನ್ 1860ರ ದಶಕದಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಅದನ್ನ ಸುಧಾರಿಸಿ ದೊಡ್ಡ ವ್ಯಾಪಾರ ಮಾಡಿದ. ಮಾವನ ಐಡಿಯಾ, ಅಳಿಯನ ಮಾರ್ಕೆಟಿಂಗ್!

ಸ್ಕ್ರೋಲ್ ಚಕ್ ಅಂತಾರಲ್ಲ, ಅದರ ಗುಟ್ಟು ತಿಳ್ಕೊಳ್ಳೋಕೆ ಚಕ್ಕುಲಿ ನೆನೆಸ್ಕೊಳ್ಳಿ. ಚಕ್ಕಿನ ಹೊಟ್ಟೆಯೊಳಗೆ ಒಂದು ಚಪ್ಪಟೆ ತಟ್ಟೆ, ತಟ್ಟೆಯ ಮೇಲೆ ಚಕ್ಕುಲಿ ಥರ ಸುರುಳಿ ಕಾಲುವೆ. ದವಡೆಗಳ ಬೆನ್ನಿನ ಹಲ್ಲು ಆ ಕಾಲುವೆಯೊಳಗೆ ಕೂತಿರುತ್ತೆ. ತಟ್ಟೆ ತಿರುಗಿಸಿದ್ರೆ ಸುರುಳಿ ಎಲ್ಲಾ ದವಡೆಯನ್ನೂ ಒಟ್ಟಿಗೆ ಒಳಗೆ ಎಳೆಯುತ್ತೆ, ತಿರುವು ಹಾಕಿದ್ರೆ ಹೊರಗೆ ತಳ್ಳುತ್ತೆ. ಮರ ತಾನಾಗೇ ಮಧ್ಯಕ್ಕೆ ಬರುತ್ತೆ.

ಮೂರನೇ ಫೋಟೋದಲ್ಲಿ ದವಡೆ ಮೇಲೆ 1, 2, 3, 4 ಅಂತ ಕೊರೆದಿರೋದು ಕಾಣುತ್ತಾ? ಅಲಂಕಾರಕ್ಕಲ್ಲ. ಸುರುಳಿ ಒಂದು ಸುತ್ತಿಗೆ ಒಂದು ಹೆಜ್ಜೆ ಒಳಗೆ ಹೋಗಿರುತ್ತಲ್ಲ, ಹಾಗಾಗಿ ನಾಲ್ಕು ದವಡೆಯ ಹಲ್ಲಿನ ಜಾಗ ಸ್ವಲ್ಪ ಸ್ವಲ್ಪ ಬೇರೆ. ಅನುಕ್ರಮ ತಪ್ಪಿ ಹಾಕಿದ್ರೆ ಮಧ್ಯ ಸೇರಲ್ಲ.

ಅಂದ್ರೆ ದವಡೆ ಅನ್ನೋದು ಬಿಡಿ ಸಾಮಾನು ಅಲ್ಲ. ತನ್ನ ಬಾಡಿಯ ಜೊತೆ ಲಗ್ನ ಆಗಿರೋದು. ಕಬ್ಬಿಣ ಕಡೆಯೋರಿಗೆ ಇದು ದೊಡ್ಡ ತೊಂದರೆ ಆಗಲಿಲ್ಲ, ಒಂದೆರಡು ಜೊತೆ ದವಡೆಯಲ್ಲಿ ಕೆಲಸ ಸಾಗ್ತಿತ್ತು. ಮರ ಕಡೆಯೋರು ಬಂದಾಗ ಕಥೆ ಬದಲಾಯ್ತು. ಅದಕ್ಕೆ ಮೊದಲು ಒಂದು ಬೆಂಕಿ.

ಭಾಗ 5/8: ಪೈಪು ಇತ್ತು, ಕೂರಲಿಲ್ಲ

1904ರ ಫೆಬ್ರವರಿ 7, ಭಾನುವಾರ. ಅಮೆರಿಕದ ಬಾಲ್ಟಿಮೋರ್ ಪೇಟೆಗೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ನಿಂದ ಅಗ್ನಿಶಾಮಕ ದಳ ಓಡಿಬಂತು. ಗಾಡಿ ಇತ್ತು, ಜನ ಇದ್ರು, ನೀರೂ ಇತ್ತು. ಆದ್ರೆ ಹೊರಗಿಂದ ಬಂದ ಎಷ್ಟೋ ಪೈಪುಗಳ ಥ್ರೆಡ್ ಬಾಲ್ಟಿಮೋರ್ ನೀರಿನ ಕಂಬಕ್ಕೆ ಹೊಂದಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋಯ್ತು. ಆಮೇಲೆ ದೇಶದ ಪೈಪು ಕೀಲುಗಳನ್ನ ತರಿಸಿ ನೋಡಿದ್ರೆ 600ಕ್ಕೂ ಹೆಚ್ಚು ಥರ!

ಊರೂರಿಗೂ ಕೇಳಿದ್ರೆ "ನಮ್ಮದು ಚೆನ್ನಾಗಿದೆ" ಅಂತಲೇ ಹೇಳ್ತಿದ್ರು. ಹೌದು, ಒಂದೊಂದೂ ಚೆನ್ನಾಗೇ ಇತ್ತು. ಒಂದಕ್ಕೊಂದು ಸೇರಬೇಕಾದ ದಿನ ಮಾತ್ರ ಸೇರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಇದೇ ಪಾಠ ಇನ್ನೊಂದು ಸಲ. ಬ್ರಿಟನ್ನಿನದು ವಿಟ್‌ವರ್ತ್ 55, ಅಮೆರಿಕದ್ದು ಸೆಲ್ಲರ್ಸ್ ವಂಶದ 60. ರೋಲ್ಸ್-ರಾಯ್ಸ್ ಕಂಪನಿಯ ಮರ್ಲಿನ್ ವಿಮಾನ ಎಂಜಿನ್ನನ್ನ ಅಮೆರಿಕದ ಪ್ಯಾಕಾರ್ಡ್ ಕಂಪನಿ ತಯಾರಿಸೋಕೆ ಹೊರಟಾಗ, ಎಂಜಿನ್ ಬ್ರಿಟಿಷ್ ಥ್ರೆಡ್‌ನಲ್ಲೇ ಇರಬೇಕಿತ್ತು. ಅದಕ್ಕೆ ಬೇಕಾದ ಟ್ಯಾಪು, ಡೈಗಳನ್ನ ಪ್ಯಾಕಾರ್ಡ್ ತಾನೇ ಮಾಡ್ಕೊಳ್ತು. ಯುದ್ಧ ಮುಗಿದ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಒಂದೇ ಥ್ರೆಡ್ ಪದ್ಧತಿಗೆ ಸಹಿ ಹಾಕಿದ್ರು. ಕೋನ 60ಕ್ಕೆ ನಿಂತಿತು.

ಸರಿ, ದೊಡ್ಡ ದೇಶಗಳು ಒಪ್ಪಿದ್ವು. ಮರದ ಲೇತ್ ಮಾತ್ರ ಇವತ್ತಿಗೂ ಒಂದಾಗಿಲ್ಲ. ಸಣ್ಣ ಲೇತ್‌ಗೆ 1 ಇಂಚು × 8. ಅಮೆರಿಕದ ದೊಡ್ಡ ಲೇತ್‌ಗೆ ಒಂದೂಕಾಲು ಇಂಚು × 8. ಯುರೋಪ್ ಕಡೆಯ ಲೇತ್‌ಗೆ ಮೆಟ್ರಿಕ್, ಎಂ33 × 3.5. ಹಳೇ ಸಣ್ಣ ಲೇತ್‌ಗಳಲ್ಲಿ ಮುಕ್ಕಾಲು ಇಂಚು × 16.

ಒಂದೂಕಾಲು ಇಂಚು ಅಂದ್ರೆ 31.75 ಮಿಮೀ. ಎಂ33 ಅಂದ್ರೆ 33 ಮಿಮೀ. ಬರಿಗಣ್ಣಿಗೆ ಎರಡೂ ಒಂದೇ. ಆದ್ರೆ ಅರೆಬರೆ ಹತ್ತಿದ ಚಕ್ ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ಕಳಚಿಕೊಂಡ್ರೆ ಮೂರು ಕೆಜಿ ಮರ ಮುಖದ ಕಡೆಗೇ ಬರಬಹುದು. ಹೊಂದಾಣಿಕೆ ಅನ್ನೋದು ಬರೀ ದುಡ್ಡಿನ ವಿಷಯ ಅಲ್ಲ.

ಭಾಗ 6/8: ನಾಲ್ಕು ದವಡೆ ಬಂದ ಮೇಲೆ

1970-80ರ ದಶಕದಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮರ ಕಡೆಯೋದು ಮತ್ತೆ ಹವ್ಯಾಸ ಆಯ್ತು. 1986ರಲ್ಲಿ ಅಮೆರಿಕದ ಮರ ಕಡೆಯುವವರ ಸಂಘ ಶುರುವಾಯ್ತು. ಈ ಸಲ ಎಲ್ಲರಿಗೂ ಬೇಕಾಗಿದ್ದು ಬಟ್ಟಲು.

ಬಟ್ಟಲಿನ ಕಷ್ಟ ಏನು ಅಂದ್ರೆ ಅದನ್ನ ಎರಡೂ ಕಡೆಯಿಂದ ಹಿಡೀಬೇಕು. ಮೊದಲು ಹೊರಗಿನ ಆಕಾರ ಕಡೆದು, ತಳದಲ್ಲಿ ಒಂದು ಗುಂಡು ಹಿಡಿ ಬಿಟ್ಟು, ತಿರುಗಿಸಿ, ಆ ಹಿಡಿಯನ್ನ ಚಕ್ಕಿಗೆ ಕಚ್ಚಿಸಿ ಒಳಗೆ ತೋಡ್ಬೇಕು. ಕಬ್ಬಿಣಕ್ಕೆ ಮಾಡಿದ ಮೂರು ದವಡೆ ಚಕ್ ಮರವನ್ನ ಮೂರೇ ಜಾಗದಲ್ಲಿ ಒತ್ತಿ ನಜ್ಜು ಮಾಡ್ತಿತ್ತು. ಹಾಗಾಗಿ ಸುತ್ತಲೂ ತಬ್ಬಿ ಹಿಡಿಯೋ ನಾಲ್ಕು ದವಡೆ ಚಕ್ ಜನಪ್ರಿಯ ಆಯ್ತು.

ಒಂದು ಜೊತೆ ದವಡೆ ಒಂದು ಅಳತೆಗೆ ಮಾತ್ರ ಪೂರ್ತಿ ವೃತ್ತವಾಗಿ ತಬ್ಬುತ್ತೆ. ಸಣ್ಣ ಡಬ್ಬಿಗೆ ಒಂದು ಜೊತೆ, ದೊಡ್ಡ ಬಟ್ಟಲಿಗೆ ಇನ್ನೊಂದು. ಹಾಗಾಗಿ ಚಕ್ ಒಂದು ಸಲ ಕೊಂಡ್ರೂ ದವಡೆ ಕೊಳ್ತಾನೇ ಇರ್ತಾರೆ. ಪ್ರಿಂಟರ್ ಅಗ್ಗ, ಇಂಕು ದುಬಾರಿ ಅಂತಾರಲ್ಲ, ಅದೇ ದಾರಿ.

ಇಲ್ಲಿ ಕಂಪನಿಗಳು ಬೇರೆಬೇರೆ ದಾರಿ ಹಿಡಿದ್ವು. ನ್ಯೂಜಿಲೆಂಡಿನ ಟೆಕ್ನಾಟೂಲ್ ಕಂಪನಿಯ ನೋವಾ ಚಕ್ ನೋಡಿ. ಮೊದಲನೆಯದನ್ನ ಬಿಗಿ ಮಾಡೋಕೆ ಎರಡು ಸರಳು ಬೇಕು, ಅಂದ್ರೆ ಎರಡೂ ಕೈ ಬೇಕು. ಹಾಗಾದ್ರೆ ಮರ ಹಿಡಿಯೋದು ಯಾರು? ಆಮೇಲೆ ಬಂದ ಸೂಪರ್‌ನೋವಾ ಒಂದೇ ಕೀಲಿಯಲ್ಲಿ ತಿರುಗುತ್ತೆ, ಇನ್ನೊಂದು ಕೈ ಮರಕ್ಕೆ. ಇದು ನಿಜವಾದ ಅಪ್‌ಗ್ರೇಡ್. ಜೊತೆಗೆ ಹಳೇ ನೋವಾ ದವಡೆ ಹೊಸ ಬಾಡಿಗೂ ಕೂರುತ್ತೆ. ಹಿಂದಿನ ಕೀಲಿಗೂ ಅವರಲ್ಲಿ ಉಪಾಯ ಇದೆ. ಬಾಡಿಯೊಳಗೆ ಕೂರೋ ಇನ್ಸರ್ಟ್ ಅನ್ನೋ ಬಳೆ ಬದಲಾಯಿಸಿದ್ರೆ ಅದೇ ಚಕ್ ಬೇರೆ ಥ್ರೆಡ್ಡಿನ ಲೇತಿಗೆ ಹೊಂದುತ್ತೆ.

ಕೆನಡಾದ ಒನ್‌ವೇ ಕಂಪನಿಯಲ್ಲಿ ಸ್ಟ್ರಾಂಗ್‌ಹೋಲ್ಡ್ ಅಂತ ದೊಡ್ಡ ಚಕ್, ಟ್ಯಾಲನ್ ಅಂತ ಸಣ್ಣದು. ಎರಡೂ ಗಟ್ಟಿ, ಎರಡಕ್ಕೂ ಒಳ್ಳೇ ಹೆಸರು. ಆದ್ರೆ ಇದರ ದವಡೆ ಅದಕ್ಕೆ ಕೂರಲ್ಲ. ಬ್ರ್ಯಾಂಡ್ ಒಂದೇ ಅಂದ ಮಾತ್ರಕ್ಕೆ ಕೀಲು ಒಂದೇ ಅಲ್ಲ.

ಹೋಲ್ಟ್‌ಸ್ಯಾಫೆಲ್ ಮುಂದೆ ಇದ್ದ ಗಂಟಿಗೆ ಆ ಬಳೆ ಒಂದು ಉತ್ತರ. ಮುಂದೆ ಹಳೇ ಗಿರಾಕಿಯ ದವಡೆಗೆ ಹೊಂದು, ಹಿಂದೆ ಜಗತ್ತಿನ ಎಲ್ಲಾ ಲೇತಿಗೆ ಹೊಂದು.

ಭಾಗ 7/8: ಮಾವನ ಬಟ್ಟಲು, ನಮ್ಮ ಲೆಕ್ಕ

ಚನ್ನಪಟ್ಟಣದ ಗೊಂಬೆ ಎಲ್ಲರಿಗೂ ಗೊತ್ತು. ಅಲ್ಲಿ ಹಾಲೆ ಮರದ ತುಂಡನ್ನ ಲೇತಿನ ಟೊಳ್ಳು ಮೂತಿಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸ್ತಾರೆ. ದವಡೆ ಇಲ್ಲ, ಕೀಲಿ ಇಲ್ಲ. ಕಡೆದು, ಅರಗು ಹಚ್ಚಿ, ಗರಿಯಲ್ಲಿ ಹೊಳಪು ಕೊಟ್ಟು, ಕತ್ತರಿಸಿ ತೆಗೀತಾರೆ. ಸಣ್ಣ ಸಾಮಾನಿಗೆ ಇದಕ್ಕಿಂತ ಬೇಗದ ದಾರಿ ಇಲ್ಲ. ಅಪ್‌ಗ್ರೇಡ್ ಅನ್ನೋ ತಲೆನೋವೂ ಇಲ್ಲ.

ನಮ್ಮ ಸೋದರಮಾವ ಇದೇ ಕೆಲಸದವರು. ಎರಡು ವರ್ಷದಿಂದ ದೊಡ್ಡ ಬಟ್ಟಲು ಕಡೀತಿದ್ದಾರೆ, ಅದಕ್ಕೆ ಚಕ್ ಬೇಕೇ ಬೇಕು. ಹಸಿ ಮರದಲ್ಲಿ ದಪ್ಪಗೆ ಕಡೆದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಮತ್ತೆ ಲೇತಿಗೆ ಹಾಕಿ ತೆಳು ಮಾಡ್ತಾರೆ. ಅಂದ್ರೆ ಇವತ್ತು ಬಿಟ್ಟ ಹಿಡಿಯನ್ನ ಮುಂದಿನ ವರ್ಷ ಅದೇ ಅಳತೆಯ ದವಡೆ ಹಿಡೀಬೇಕು.

ಹೋದ ವರ್ಷ ಒಂದು ಆನ್‌ಲೈನ್ ಅಂಗಡಿಯಿಂದ "ಅಪ್‌ಗ್ರೇಡೆಡ್ ವರ್ಷನ್, ಹಳೇ ದವಡೆಗೂ ಹೊಂದುತ್ತೆ" ಅಂತ ಬರೆದಿದ್ದ ಚಕ್ ತರಿಸಿದ್ರು. ಸ್ಕ್ರೂ ತೂತು ಎರಡು ಮಿಮೀ ಆಚೆ. ಫೋನ್ ಮಾಡಿದ್ರೆ ಹಳೇ ಮಾಡೆಲ್ ನಿಂತುಹೋಗಿದೆ, ಹೊಸ ದವಡೆ ತಗೊಳ್ಳಿ ಅಂದ್ರು. ಅಟ್ಟದ ಮೇಲೆ ನಲವತ್ತು ಬಟ್ಟಲು ಒಣಗ್ತಿತ್ತು, ಎಲ್ಲದರ ಹಿಡಿಯೂ ಹಳೇ ಅಳತೆಗೆ.

ಮಾವ ನನ್ನ ಕಡೆ ತಿರುಗಿ, "ಏನೋ ಬಿಕಾಮು, ಇದಕ್ಕೆ ನಿಮ್ಮ ಕಾಲೇಜಲ್ಲಿ ಏನಂತಾರೆ?" ಅಂದ್ರು.

"ಸ್ವಿಚಿಂಗ್ ಕಾಸ್ಟ್ ಅಂತಾರೆ ಮಾವ."

"ನಮ್ಮಲ್ಲಿ ಟೋಪಿ ಅಂತೀವಿ."

ಲೆಕ್ಕ ಹೀಗೆ, ಅಂಕಿಗಳು ಬರೀ ಉದಾಹರಣೆಗೆ. ಹಳೇ ಬಾಡಿ 12,000 ರೂ., ಹೊಸದು 15,000. ನೋಡೋಕೆ 3,000 ಹೆಚ್ಚು ಅಷ್ಟೇ. ಆದ್ರೆ ನಿಮ್ಮತ್ರ ಮೂರು ಜೊತೆ ದವಡೆ ಇದೆ, ಜೊತೆಗೆ 4,000. ಅವು ಹೊಸ ಬಾಡಿಗೆ ಕೂರದಿದ್ರೆ ಮತ್ತೆ 12,000. ಅಲ್ಲಿಗೆ ಹೊಸ ಚಕ್ಕಿನ ನಿಜ ಬೆಲೆ 27,000. ಬೆಲೆಪಟ್ಟಿ ಬರೆಯೋದು ಬಾಡಿಯ ಬೆಲೆ, ನೀವು ಕಟ್ಟೋದು ಕೀಲಿನ ಬೆಲೆ.

ಮಾವ ಹಳೇದನ್ನ ಮಾರಲಿಲ್ಲ. ಹಳೇ ಬಾಡಿಯಲ್ಲಿ ಹಳೇ ದವಡೆ, ಅಟ್ಟದ ಬಟ್ಟಲಿಗೆ. ಹೊಸ ಬಾಡಿಯಲ್ಲಿ ಅದರ ಜೊತೆ ಬಂದ ಒಂದೇ ಜೊತೆ, ಹೊಸ ಬಟ್ಟಲಿಗೆ. ಪದೇಪದೇ ಎಂಟು ಸ್ಕ್ರೂ ಬಿಚ್ಚಿ ದವಡೆ ಬದಲಾಯಿಸೋ ಕೆಲಸವೂ ತಪ್ಪಿತು. ಆದ್ರೆ ಇನ್ನೆರಡು ಜೊತೆ ದವಡೆಗೆ ಅಂತ ಇಟ್ಟಿದ್ದ ದುಡ್ಡು ಈ ಬಾಡಿಗೆ ಹೋಗಿತ್ತು. ಅದು ವಾಪಸ್ ಬರಲಿಲ್ಲ.

ಭಾಗ 8/8: ಕೊಳ್ಳೋ ಮುಂಚೆ

ಇತಿಹಾಸದಿಂದ ನಮಗೆ ಸಿಗೋದು ಕೆಲವು ಪ್ರಶ್ನೆ. ಚಕ್ ಕೊಳ್ಳೋರು ಯಾರಾದ್ರೂ ನಿಮ್ಮ ಮನೆಯಲ್ಲಿದ್ರೆ ಇದನ್ನ ತೋರಿಸಿ.

ಒಂದು, ಹಿಂದಿನ ಕೀಲು. ಲೇತಿನ ಥ್ರೆಡ್ಡನ್ನ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ, ಪಿಚ್ಚಿಗೆ ಥ್ರೆಡ್ ಗೇಜ್ ಇಟ್ಟು ನೋಡಿ. ಕಣ್ಣಳತೆ ಬೇಡ. ಥ್ರೆಡ್ ಸರಿಯಿದ್ರೂ ಚಕ್ಕಿನ ಬೆನ್ನು ಲೇತಿನ ಭುಜಕ್ಕೆ ಸಂದಿಲ್ಲದೆ ಒತ್ತಿ ಕೂರಬೇಕು, ಇಲ್ಲದಿದ್ರೆ ಓಲಾಡುತ್ತೆ.

ಎರಡು, ಮುಂದೆ ಲೇತ್ ಬದಲಾಯಿಸೋ ಯೋಚನೆ ಇದೆಯಾ? ಇದ್ರೆ ಇನ್ಸರ್ಟ್ ಬಳೆ ಇರೋ ಚಕ್ ತಗೊಳ್ಳಿ. ಇಲ್ಲ, ಈ ಲೇತೇ ಸಾಕು ಅಂದ್ರೆ ನೇರ ಥ್ರೆಡ್ ಇರೋದು ಸಾಕು, ನಡುವೆ ಒಂದು ಕೀಲು ಕಮ್ಮಿ.

ಮೂರು, ಮುಂದಿನ ಕೀಲು. "ಹಳೇ ದವಡೆ ಕೂರುತ್ತಾ" ಅನ್ನೋದಕ್ಕೆ ಅಂಗಡಿಯವರ ಹೌದು ಸಾಲದು. ಯಾವ ಮಾಡೆಲ್ಲಿನ ದವಡೆ ಅಂತ ಹೆಸರು ಹಾಕಿ, ಬರಹದಲ್ಲಿ ತಗೊಳ್ಳಿ. ತೂತಿಂದ ತೂತಿಗೆ ಎಷ್ಟು ಮಿಮೀ ಅಂತ ಕೇಳಿ.

ನಾಲ್ಕು, ಹೊಸದರಲ್ಲಿ ಹೊಸದೇನು? ಎರಡು ಸರಳಿನಿಂದ ಒಂದು ಕೀಲಿಗೆ ಬಂದಿದ್ದು ಕೈಗೆ ಗೊತ್ತಾಗೋ ಬದಲಾವಣೆ. ಬಣ್ಣ, ಡಬ್ಬಿ, ಹೆಸರಿನ ಮುಂದೆ ಒಂದು "ಪ್ರೋ" ಬಂದಿದ್ರೆ ಅದಕ್ಕೆ ಕಾಯೋ ಅಗತ್ಯ ಇಲ್ಲ. ಹಳೇ ಮಾಡೆಲ್ ಕಮ್ಮಿ ಬೆಲೆಗೆ ಬಂದ್ರೆ, ಅದರ ದವಡೆ ಇನ್ನೂ ಸಿಗ್ತಿದ್ರೆ, ಧೈರ್ಯವಾಗಿ ತಗೊಳ್ಳಿ.

ಐದು, ಹಳೇದನ್ನ ಮಾರೋಕೆ ಅವಸರ ಬೇಡ. ಒಣಗ್ತಿರೋ ಬಟ್ಟಲು ಎಷ್ಟಿದೆ ಅಂತ ಮೊದಲು ಎಣಿಸಿ.

ವಿಟ್‌ವರ್ತ್ ಹೊಸ ಥ್ರೆಡ್ ಬರೆಯೋ ಮುಂಚೆ ಜನರ ಹತ್ರ ಆಗಲೇ ಏನಿದೆ ಅಂತ ನೋಡಿದ. ನಾವು ಕೊಳ್ಳೋರೂ ಅಷ್ಟೇ ಮಾಡಿದ್ರೆ ಸಾಕು: ಕ್ಯಾಟಲಾಗ್ ತೆರೆಯೋ ಮುಂಚೆ ಮನೆಯ ಪೆಟ್ಟಿಗೆ ತೆರೆದು ನೋಡೋದು.

ನಿಮ್ಮ ಮನೆಯಲ್ಲಿ "ಹೊಸದು ಬಂತು, ಹಳೇದು ಕೂರಲಿಲ್ಲ" ಅನ್ನೋ ಸಾಮಾನು ಯಾವುದು? ಮಿಕ್ಸಿ ಜಾರಾ, ಕುಕ್ಕರ್ ಗ್ಯಾಸ್ಕೆಟ್ಟಾ, ಟ್ರ್ಯಾಕ್ಟರ್ ಪಾರ್ಟಾ? ಕಾಮೆಂಟಲ್ಲಿ ಹಾಕಿ. ಒಳ್ಳೇದು ಸಿಕ್ಕಿದ್ರೆ ಮುಂದಿನ ಸೀರೀಸ್ ಅದರದ್ದೇ.

#ಕನ್ನಡದಲ್ಲಿಇತಿಹಾಸ #ಮರಕಡೆಯೋದು #ಲೇತ್‌ಚಕ್ #ಥ್ರೆಡ್‌ಕಥೆ #ಚನ್ನಪಟ್ಟಣ #ಬಿಕಾಂಲೆಕ್ಕ